ಶಾಜಲಿಯ ರಕ್ತದ ತಿಳಿ

ಎಲ್ ಒಬೈದ್, ಸುಡಾನ್
14 ಜನವರಿ 1995

ಡಾಕ್ಟರ್ ಬತೂಲ್ ಅವರಿಗೆ,

ನಿಮ್ಮನ್ನು ಹೀಗೆ ಬಹುವಚನದಲ್ಲಿ ಕರೆಯುವುದು ನನಗೂ ಹೊಸದು. ಭೂಪಟದಲ್ಲಿ ತನ್ನ ಊರು ಎಲ್ಲಿದೆ ಎಂದು ತೋರಿಸಲಾರದೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಅತ್ತ ಹುಡುಗಿಯನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಆದರೆ ಈ ಪತ್ರ ಆ ಹುಡುಗಿಗಲ್ಲ. ಕೈರೊದ ಪ್ರಯೋಗಾಲಯವೊಂದರಲ್ಲಿ ನನ್ನ ಮೊಮ್ಮಗನ ರಕ್ತವನ್ನು ಇಟ್ಟುಕೊಂಡಿರುವ ಡಾಕ್ಟರಿಗೆ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ನಾಲ್ಕು ದಿನವಾಯಿತು. ಬಂದವರು ಖರ್ಜೂರ ತಿಂದು, ಚಹಾ ಕುಡಿದು, ದೇವರ ಇಚ್ಛೆ ಎಂದು ಹೇಳಿ ಹೋದರು. ನಾನು ತಲೆಯಾಡಿಸಿದೆ. ದೇವರ ಇಚ್ಛೆಯ ಬಗ್ಗೆ ನನ್ನ ತಕರಾರಿಲ್ಲ. ಮನುಷ್ಯರು ಬರೆದದ್ದನ್ನು ಓದುವ ರೀತಿಯ ಬಗ್ಗೆ ಇದೆ.

ನಡೆದದ್ದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ಈ ಪತ್ರದ ನಕಲು ನನ್ನ ಕಡತದಲ್ಲಿ ಉಳಿಯಬೇಕು. ನನ್ನ ಮಗಳು ಇಖ್ಲಾಸ್ ಮತ್ತು ಅಳಿಯ ಕೈರೊದಲ್ಲಿ ದುಡಿಯುತ್ತಿದ್ದುದರಿಂದ ಅವರ ಮಗ ಶಾಜಲಿ ಎರಡನೆಯ ವಯಸ್ಸಿನಿಂದ ನನ್ನ ಬಳಿಯೇ ಬೆಳೆದ. ನಾಲ್ಕನೆಯ ವಯಸ್ಸಿನಲ್ಲಿ, ಒಂದು ಮದುವೆ ಮನೆಯಲ್ಲಿ, ಕಡಲೇಕಾಯಿ ಅರೆದು ಹಾಕಿದ ಬದನೆಕಾಯಿ ನಾಲಿಗೆಗೆ ತಾಗಿ ಅವನ ಉಸಿರು ಕಟ್ಟಿತು. ಹೇಗೋ ಉಳಿದ. ಆಮೇಲೆ ಐದು ವರ್ಷ, ಗಾಳಿಯಲ್ಲೇ ಕಡಲೇಕಾಯಿ ಗಾಣದ ವಾಸನೆ ತುಂಬಿರುವ ಈ ಊರಿನಲ್ಲಿ, ಒಂದು ಕಾಳೂ ಅವನ ಬಾಯಿಗೆ ಹೋಗದ ಹಾಗೆ ನೋಡಿಕೊಂಡೆವು. ನಾನೊಬ್ಬನೇ ಅಲ್ಲ, ಇಡೀ ಓಣಿ. ಅವನು ಆಡಲು ಬಂದರೆ ಹೆಂಗಸರು ಕೈ ತೊಳೆದುಕೊಂಡು ಬಾಗಿಲಿಗೆ ಬರುತ್ತಿದ್ದರು. ಯಾರು ಏನು ಕೊಟ್ಟರೂ "ಇದ್ರಲ್ಲಿ ಫೂಲ್ ಇದ್ಯಾ?" ಎಂದು ಕೇಳಿಯೇ ಕೈ ಚಾಚಬೇಕೆಂದು ಅವನಿಗೆ ಕಲಿಸಿದ್ದೆ. ಫೂಲ್ ಎಂದರೆ ಕಡಲೇಕಾಯಿ ಎಂಬುದು ನಮ್ಮೂರಲ್ಲಿ ಮಾತು ಕಲಿಯುತ್ತಿರುವ ಮಗುವಿಗೂ ಗೊತ್ತು.

ಕಳೆದ ಸೆಪ್ಟೆಂಬರಿನಲ್ಲಿ ಅವನನ್ನು ತಾಯಿಯ ಬಳಿಗೆ ಕಳಿಸಿದೆ. ಶಾಲೆಗೆ ಕೊಡಲೆಂದು ಒಂದು ಕಾರ್ಡು ಬರೆದುಕೊಟ್ಟೆ. "ಫೂಲ್ ಈ ಮಗುವಿಗೆ ವಿಷ. ಒಂದು ಕಾಳೂ ಕೊಡಬಾರದು." ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬರುವುದಿಲ್ಲ. ಡಿಸೆಂಬರ್ ಒಂದರಂದು, ಆ ಕಾರ್ಡನ್ನು ತನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದ ಶಿಕ್ಷಕಿಯೇ ಅವನಿಗೆ ಕಡಲೇಕಾಯಿ ಬಿಸ್ಕತ್ತು ತಿನ್ನಿಸಿದಳು.

ನಿಮ್ಮಿಂದ ನನಗೆ ಎರಡು ವಸ್ತು ಬೇಕು. ಒಂದು, ಆ ಕಾರ್ಡು. ನೀವು ಅದೇ ಊರಿನಲ್ಲಿದ್ದೀರಿ, ಶಾಲೆಗೆ ಹೋಗಿ ತನ್ನಿ. ನಮ್ಮ ದೂತಾವಾಸಕ್ಕೆ ದೂರು ಕೊಡುವಾಗ ಅದನ್ನು ಮುಂದಿಡುತ್ತೇನೆ. ಎರಡು, ಅಕ್ಟೋಬರಿನಲ್ಲಿ ನೀವು ಪರೀಕ್ಷೆಗೆಂದು ತೆಗೆದ ಅವನ ರಕ್ತ. ಅದು ಇನ್ನೂ ಒಂದು ಕೊಳವೆಯಲ್ಲಿದೆ ಎಂದು ಇಖ್ಲಾಸ್ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದಳು. ಅವನ ಗೋರಿ ಕೈರೊದಲ್ಲಿದೆ, ನಾನು ಅದನ್ನು ನೋಡಿಲ್ಲ. ಇಲ್ಲಿ ಅವನ ಅಜ್ಜಿಯ ಪಕ್ಕದಲ್ಲಿ ಜಾಗವಿದೆ. ಆ ಕೊಳವೆಯನ್ನು ಅಲ್ಲಿ ಹೂಳುತ್ತೇನೆ. ನನ್ನ ಪಾಲಿಗೆ ಉಳಿದಿರುವುದು ಅಷ್ಟೇ.

ಬುಶ್ರಾ ಹಾಮಿದ್
ನಿವೃತ್ತ ಭೂಗೋಳ ಶಿಕ್ಷಕ


ಕೈರೊ
9 ಫೆಬ್ರವರಿ 1995

ನನ್ನ ಮೇಷ್ಟ್ರಿಗೆ,

ನಿಮ್ಮ ಪತ್ರ ಹತ್ತು ದಿನ ನನ್ನ ಮೇಜಿನ ಮೇಲಿತ್ತು. ರಂಜಾನಿನ ಕೆಲಸದ ಹೊತ್ತು ಕಡಿಮೆ, ಅದೇ ನೆಪ ಎಂದುಕೊಳ್ಳಿ. ದಯವಿಟ್ಟು ಏಕವಚನದಲ್ಲೇ ಬರೆಯಿರಿ.

ರಕ್ತ ನನ್ನ ಬಳಿ ಇರುವುದು ನಿಜ. ತೆಗೆದ ದಿನ ಶಾಜಲಿ ಸೂಜಿ ನೋಡಿ ಕೇಳಿದ, "ಅಷ್ಟೊಂದಾ? ನಮ್ಮೂರ ಸೊಳ್ಳೆನೂ ಇಷ್ಟು ಕುಡಿಯಲ್ಲ." ಮತ್ತೆ ಅನುಮಾನದಿಂದ, "ನೀವು ಈಜಿಪ್ಟಿನೋರಾ? ಈಜಿಪ್ಟಿನೋರಿಗೆ ಏನೂ ಬಿಟ್ಟಿ ಕೊಡಬೇಡ ಅಂತ ಅಜ್ಜ ಹೇಳಿದ್ದಾರೆ." ನಾನು ಹೇಳಿದೆ, "ಇಲ್ಲಪ್ಪಾ, ನಿಮ್ಮೂರವಳೇ. ನಿಮ್ಮಜ್ಜನ ಹತ್ರ ಏಟು ತಿಂದವಳು." ಅವನು ತೋಳು ಚಾಚಿದ. "ಹಂಗಾದ್ರೆ ತಗೊಳ್ಳಿ. ಏಟು ತಿಂದೋರೆಲ್ಲ ಒಂದೇ ಪಾರ್ಟಿ."

ತೆಗೆದದ್ದು ಐದು ಮಿಲಿಲೀಟರ್. ರಕ್ತ ಹೆಪ್ಪುಗಟ್ಟಿದ ನಂತರ ಮೇಲೆ ನಿಲ್ಲುವ ತಿಳಿಯನ್ನು ಮಾತ್ರ ನಾವು ಮಂಜುಗಡ್ಡೆಯಾಗಿಸಿ ಇಟ್ಟುಕೊಳ್ಳುತ್ತೇವೆ. ಈಗ ಅದರಲ್ಲಿ ಒಂದು ಚಹಾ ಚಮಚದ ಕಾಲು ಭಾಗವೂ ಉಳಿದಿಲ್ಲ. ಉಳಿದದ್ದು ಯಾವುದಕ್ಕೆ ಹೋಯಿತು ಎಂದು ತಿಳಿಯುವ ಹಕ್ಕು ನಿಮಗಿದೆ.

ಕಡಲೇಕಾಯಿಯಲ್ಲಿ ಹತ್ತಾರು ಪ್ರೋಟೀನುಗಳಿವೆ. ಎಲ್ಲವೂ ಎಲ್ಲರನ್ನೂ ಕೊಲ್ಲುವುದಿಲ್ಲ. ಹೆಚ್ಚಿನವು ಹೆಚ್ಚಿನವರಿಗೆ ಬರೀ ಅನ್ನ. ನದಿಯು ದೊಡ್ಡ ಕಲ್ಲನ್ನು ಮೇಲೆಯೇ ಬಿಟ್ಟು ಸಣ್ಣ ಮರಳನ್ನು ದೂರ ಒಯ್ಯುತ್ತದೆ ಎಂದು ನೀವು ಪಾಠ ಮಾಡಿದ್ದಿರಿ. ನಾನು ಮಾಡುವುದೂ ಅದೇ. ಕಾಳನ್ನು ಅರೆದು, ಎಣ್ಣೆ ತೆಗೆದು, ಉಪ್ಪುನೀರಿನಲ್ಲಿ ಕಲಸಿ, ಒಂದು ಲೋಳೆಯ ಹಾಳೆಯೊಳಗೆ ವಿದ್ಯುತ್ತಿನಿಂದ ಹರಿಸುತ್ತೇನೆ. ದೊಡ್ಡ ಪ್ರೋಟೀನು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಇಳಿಯುತ್ತದೆ. ಅವನ್ನು ಹಾಗೆಯೇ ಒಂದು ಬಿಳಿ ಹಾಳೆಗೆ ಇಳಿಸಿ, ಅಲರ್ಜಿ ಇರುವವರ ರಕ್ತದ ತಿಳಿಯನ್ನು ಅದರ ಮೇಲೆ ಹರಿಯಬಿಡುತ್ತೇನೆ. ತನ್ನ ಶತ್ರು ಯಾವುದೆಂದು ಆ ರಕ್ತಕ್ಕೆ ಗೊತ್ತಿರುತ್ತದೆ. ಅಲ್ಲಿಗೇ ಹೋಗಿ ಹಿಡಿದುಕೊಳ್ಳುತ್ತದೆ, ಉಳಿದೆಡೆ ನಿಲ್ಲುವುದಿಲ್ಲ. ಆ ಜಾಗಕ್ಕೆ ಕಂದು ಬಣ್ಣ ಬರುವ ಹಾಗೆ ಮಾಡುತ್ತೇನೆ.

ಅಮೆರಿಕದವರು ಅಲ್ಲಿನ ಮಕ್ಕಳ ರಕ್ತದಿಂದ ಎರಡು ಪ್ರೋಟೀನುಗಳನ್ನು ಗುರುತಿಸಿದ್ದಾರೆ. ನಮ್ಮ ಮಕ್ಕಳ ರಕ್ತ ಯಾವುದನ್ನು ಹಿಡಿಯುತ್ತದೆ ಎಂದು ಯಾರೂ ನೋಡಿಲ್ಲ, ಏಕೆಂದರೆ ನಮ್ಮಲ್ಲಿ ಇಂಥವರು ಅಪರೂಪ. ನನಗೆ ಸಿಕ್ಕವರು ಹನ್ನೊಂದು ಜನ. ಹತ್ತು ಜನರ ರಕ್ತ ಮಂಕಾಗಿ ಮಾತನಾಡುತ್ತದೆ. ಶಾಜಲಿಯದು ಮಾತ್ರ ಸ್ಪಷ್ಟ. ಹುರಿದ ಕಾಳಿನ ಮೇಲೆ ಒಂದು ಕೊನೆಯ ಪ್ರಯೋಗ ಬಾಕಿಯಿದೆ. ಬೆಂಕಿಗೂ ಹೊಟ್ಟೆಗೂ ಕರಗದೆ ಉಳಿಯುವುದು ಯಾವುದು ಎಂದು ತಿಳಿಯಬೇಕು. ಅದಕ್ಕೆ ಉಳಿದಷ್ಟೂ ತಿಳಿ ಬೇಕಾಗುತ್ತದೆ, ಹನಿಯೂ ಮಿಗುವುದಿಲ್ಲ.

ನಾನು ಇಖ್ಲಾಸಳನ್ನು ಕೇಳಿದೆ. ಅವಳು ಹೇಳಿದ್ದು, "ಅಪ್ಪನ್ನ ಕೇಳು. ಅವರು ಸಾಕಿದ ಮಗು." ಆದ್ದರಿಂದ ಕೇಳುತ್ತಿದ್ದೇನೆ.

ಶಾಲೆಗೆ ಈಗ ರಜೆ.

ನಿಮ್ಮ ಶಿಷ್ಯೆ,
ಬತೂಲ್


ಎಲ್ ಒಬೈದ್
6 ಮಾರ್ಚ್ 1995

ಬತೂಲ್,

ಏಕವಚನ ಬೇಕೆಂದೆ, ತೆಗೆದುಕೋ. ಉತ್ತರ ಮಾತ್ರ ಬದಲಾಗುವುದಿಲ್ಲ. ಕೊಡುವುದಿಲ್ಲ.

ನೀನು ಮಾಡುವ ಕೆಲಸ ನನಗೆ ಅರ್ಥವಾಯಿತು. ನಾನು ಪತ್ರಿಕೆ ಓದುವವನು, ವಿಜ್ಞಾನ ಎಂದರೆ ಬೆದರುವವನಲ್ಲ. ಆದರೆ ಅರವತ್ಮೂರು ವರ್ಷ ಬದುಕಿ ಕೆಲವನ್ನು ನೆನಪಿಟ್ಟುಕೊಂಡಿದ್ದೇನೆ. ನನ್ನ ಮೊದಲ ಭೂಗೋಳದ ಪುಸ್ತಕ ನೀನಿರುವ ಊರಿನಲ್ಲಿ ಅಚ್ಚಾದದ್ದು. ಅದರಲ್ಲಿ ನೈಲ್ ಈಜಿಪ್ಟಿನ ನದಿ, ನಾವು ಅದು ಬರುವ ದಾರಿ. ನಮ್ಮ ಕೊರ್ದೊಫಾನ್ ಪ್ರಾಂತ್ಯದ ಜಾಲಿಮರಗಳು ಅಳುವ ಗೋಂದನ್ನು ಜಗತ್ತು ಅರಬ್ ಗೋಂದು ಎನ್ನುತ್ತದೆ, ಏಕೆಂದರೆ ಮಾರಿದವರು ಬೇರೆಯವರು. ಕಡಲೇಕಾಯಿ ಎಲ್ಲಿಂದಲೋ ಸಮುದ್ರ ದಾಟಿ ಬಂದದ್ದು. ಅದಕ್ಕೆ ಮಾತ್ರ ನಮ್ಮ ದೇಶದ ಹೆಸರು. ಹೆಸರನ್ನು ಕೊಡುವವರು ಯಾವಾಗಲೂ ಅವರೇ. ಈಗ ನಮ್ಮ ಮಗುವಿನ ರಕ್ತಕ್ಕೂ ಒಂದು ನಂಬರು ಕೊಟ್ಟು ಇಟ್ಟಿರುತ್ತೀರಿ. ಎಷ್ಟನೆಯ ನಂಬರು? ಅದನ್ನೂ ತಿಳಿಸು.

ಹಬ್ಬದ ದಿನ ಗೋರಿಗಳ ಬಳಿ ಹೋಗಿದ್ದೆ. ಪ್ರತಿಯೊಬ್ಬರಿಗೂ ಕೂರಲು ಒಂದು ಜಾಗವಿತ್ತು. ನಾನು ಹೆಂಡತಿಯ ಗೋರಿಯ ಮುಂದೆ ಕೂತೆ. ಅವಳು ಸತ್ತಾಗ ಇವನು ಹುಟ್ಟಿರಲಿಲ್ಲ. ಇವನ ಸುದ್ದಿ ಅವಳಿಗೆ ಏನೆಂದು ಹೇಳಲಿ? ಪಕ್ಕದಲ್ಲಿ ಕೂತಿದ್ದ ಗಾಣದ ಹಾಜಿ ಕೇಳಿದ, "ಮೇಷ್ಟ್ರೇ, ಹುಡುಗನ ಗೋರಿ ಯಾವ ಕಡೆಗೆ ಬರುತ್ತೆ?" ನಾನು ಉತ್ತರ ದಿಕ್ಕಿಗೆ ಕೈ ತೋರಿಸಿದೆ. ನಲವತ್ತು ವರ್ಷ ದಿಕ್ಕು ಕಲಿಸಿದ್ದೇನೆ, ಅದೊಂದು ಗೊತ್ತಿತ್ತು.

ಕೊಳವೆಯನ್ನು ಕಳಿಸು. ಮಂಜುಗಡ್ಡೆ ಕರಗಿದರೆ ಕರಗಲಿ, ನನಗೆ ಪ್ರಯೋಗ ಮಾಡಬೇಕಾಗಿಲ್ಲ. ಶಾಲೆಯ ರಜೆ ಮುಗಿದಿರಬೇಕು. ಕಾರ್ಡು ಎಲ್ಲಿ? ಇಖ್ಲಾಸ್ ಏಕೆ ಫೋನ್ ಮಾಡುವುದಿಲ್ಲ? ನಾನು ಮೂರು ಸಲ ಅಂಚೆ ಕಚೇರಿಯಲ್ಲಿ ಸಾಲು ನಿಂತು ಮಾಡಿದೆ. ಅಳಿಯ ತೆಗೆದುಕೊಂಡು "ಮಲಗಿದ್ದಾಳೆ ಮಾವ" ಎನ್ನುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಯಾರು ಮಲಗುತ್ತಾರೆ?

ಬುಶ್ರಾ ಹಾಮಿದ್


ಕೈರೊ
2 ಏಪ್ರಿಲ್ 1995

ಮೇಷ್ಟ್ರೇ,

ಏಳನೆಯ ನಂಬರು.

ನೀವು ಬೇಡವೆಂದ ಮೇಲೆ ನಾನು ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನಮ್ಮ ಗಡಿಯ ಹಲ್ಫಾಕ್ಕೆ ಹೋಗುವ ಹಡಗಿನಲ್ಲಿ ನಂಬುವಂಥವರು ಸಿಕ್ಕಾಗ ಕಳಿಸುತ್ತೇನೆ. ಒಂದೇ ಬೇಡಿಕೆ, ಬೇಸಿಗೆ ಮುಗಿಯುವವರೆಗೆ ಸಮಯ ಕೊಡಿ. ನೀವು ಮನಸ್ಸು ಬದಲಿಸಬಹುದೆಂಬ ಆಸೆಯಿಂದ ಕೇಳುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಇಖ್ಲಾಸಳನ್ನು ಪ್ರತಿ ಶುಕ್ರವಾರ ನೋಡುತ್ತೇನೆ. ಊಟ ಮಾಡುತ್ತಾಳೆ. ಅವನ ಬಟ್ಟೆಗಳನ್ನು ಇನ್ನೂ ಒಗೆದಿಲ್ಲ. ನಿಮ್ಮ ಬಗ್ಗೆ ಕೆಟ್ಟದ್ದೇನೂ ಹೇಳುವುದಿಲ್ಲ.

ಕಾರ್ಡಿನ ವಿಷಯ ಬಿಟ್ಟುಬಿಡಿ ಮೇಷ್ಟ್ರೇ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಬತೂಲ್


ಎಲ್ ಒಬೈದ್
29 ಏಪ್ರಿಲ್ 1995

ಬತೂಲ್,

"ಬಿಟ್ಟುಬಿಡಿ" ಎಂಬುದು ನಮ್ಮ ದೇಶದ ರಾಷ್ಟ್ರಗೀತೆಯಾಗಬೇಕಿತ್ತು. ಎಲ್ಲವನ್ನೂ ಬಿಟ್ಟುಬಿಟ್ಟೇ ಇಲ್ಲಿಗೆ ಬಂದು ನಿಂತಿದ್ದೇವೆ.

ನಾನು ಬಿಡುವುದಿಲ್ಲ. ದೂತಾವಾಸದ ಗುಮಾಸ್ತನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಆ ಶಿಕ್ಷಕಿಯ ಹೆಸರು ವಿದಾದ್ ಎಂದು ಅವನಿಂದ ತಿಳಿಯಿತು. ಇಪ್ಪತ್ತೆರಡು ವರ್ಷದ ಅನುಭವವಂತೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಓದು ಕಲಿಸಿದವಳಿಗೆ ಎರಡು ಸಾಲು ಓದಲು ಬರಲಿಲ್ಲ. ಅಥವಾ ಓದಿದಳು, ಸುಡಾನಿನ ಕರಿಯ ಹುಡುಗನ ಅಜ್ಜ ಯಾರೋ ಹಳ್ಳಿಯವನು ಬರೆದದ್ದು ಎಂದು ನಕ್ಕು ಬದಿಗಿಟ್ಟಳು. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ನಾನು ಆ ನಗುವನ್ನು ಬಲ್ಲೆ, ಐವತ್ತೊಂದನೆಯ ಇಸವಿಯಲ್ಲಿ ತರಬೇತಿಗೆಂದು ಅಲ್ಲಿಗೆ ಹೋದಾಗ ನೋಡಿದ್ದೇನೆ.

ಹನ್ನೆರಡು ಪುಟದ ದೂರು ಸಿದ್ಧವಾಗಿದೆ. ಒಂದು ಪ್ರತಿ ಅವರ ಶಿಕ್ಷಣ ಇಲಾಖೆಗೆ, ಒಂದು ನಮ್ಮ ಪತ್ರಿಕೆಗೆ. ಅವಳ ಹೆಸರು ಅಚ್ಚಾಗುತ್ತದೆ. ಅವಳು ಇನ್ನೊಂದು ಮಗುವಿನ ಮುಂದೆ ನಿಲ್ಲದಂತೆ ನೋಡಿಕೊಳ್ಳುತ್ತೇನೆ. ಕಾರ್ಡು ಇದ್ದರೆ ಜೊತೆಗೆ ಸೇರಿಸುತ್ತೇನೆ, ಇಲ್ಲದಿದ್ದರೆ ಇಲ್ಲದೆಯೇ ಕಳಿಸುತ್ತೇನೆ. ಮೇ ಕೊನೆಯವರೆಗೆ ಕಾಯುತ್ತೇನೆ.

ಬುಶ್ರಾ ಹಾಮಿದ್


ಕೈರೊ
18 ಮೇ 1995

ಮೇಷ್ಟ್ರೇ,

ದೂರು ಕಳಿಸಬೇಡಿ. ಈ ಪತ್ರ ಬರೆಯುವುದಿಲ್ಲ ಎಂದು ಇಖ್ಲಾಸಳಿಗೆ ಮಾತು ಕೊಟ್ಟಿದ್ದೆ. ನಿನ್ನೆ ಹೋಗಿ ಆ ಮಾತನ್ನು ವಾಪಸ್ಸು ಪಡೆದು ಬಂದೆ. ಅವಳು "ನೀನೇ ಬರಿ, ನನ್ನ ಕೈಯಲ್ಲಾಗಲ್ಲ" ಎಂದಳು.

ಕಾರ್ಡು ಶಾಲೆಯಲ್ಲಿಲ್ಲ. ಡಿಸೆಂಬರ್ ಒಂದರಿಂದ ಇಖ್ಲಾಸಳ ಬಳಿಯೇ ಇದೆ. ನಾನು ಜನವರಿಯಲ್ಲೇ ನೋಡಿದೆ, ಶಿಕ್ಷಕಿಯನ್ನೂ ಅದೇ ವಾರ ಭೇಟಿಯಾದೆ. ಇಲ್ಲಿ ಮಕ್ಕಳು ಶಿಕ್ಷಕಿಯನ್ನು ಅಕ್ಕ ಎಂಬ ಅರ್ಥದಲ್ಲಿ ಅಬ್ಲಾ ಎನ್ನುತ್ತಾರೆ. ವಿದಾದ್ ಅಬ್ಲಾ ಒಂಟಿ ಹೆಂಗಸು, ತಾಯಿಯ ಜೊತೆ ಇದ್ದಾಳೆ. ಈಗ ಶಾಲೆಗೆ ಹೋಗುತ್ತಿಲ್ಲ, ತಾನಾಗಿಯೇ ಬಿಟ್ಟಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಮೊದಲನೇ ದಿನವೇ ಕಾರ್ಡು ಓದಿದೆ ಡಾಕ್ಟ್ರೇ. ಎಷ್ಟು ಚೆಂದದ ಅಕ್ಷರ ಅಂತ ಪಕ್ಕದ ಟೀಚರಿಗೂ ತೋರಿಸ್ದೆ. ಫೂಲ್ ಕೊಡಬಾರದು. ಸರಿ, ನಮ್ಮಲ್ಲೂ ಅಂಥ ಮಕ್ಕಳಿದ್ದಾರೆ, ಫೂಲ್ ತಿಂದ್ರೆ ರಕ್ತ ಒಡೆದು ಹಳದಿ ಆಗೋ ಮಕ್ಕಳು. ಬೆಳಗ್ಗೆ ಎಲ್ಲ ಮಕ್ಕಳೂ ಫೂಲ್ ಹಾಕಿದ ರೊಟ್ಟಿ ತಿಂತಿದ್ರೆ ಇವನ್ನ ನನ್ನ ಮೇಜಿನ ಹತ್ರ ಕೂರಿಸ್ಕೊಳ್ತಿದ್ದೆ, ಯಾರದಾದ್ರೂ ಕೈ ತಾಗೀತು ಅಂತ. ಪಾಪ, ದಿನಾ ಒಬ್ಬನೇ ಕೂರ್ತಾನಲ್ಲ ಅಂತ ಅಮ್ಮನ ಕೈಲಿ ಬಿಸ್ಕತ್ತು ಮಾಡಿಸ್ಕೊಂಡು ಹೋದೆ. ಅವನು ಎಲ್ಲಕ್ಕೂ ಕೇಳೋನು, ನೀರು ಕೊಟ್ರೂ ಕೇಳೋನು. ಅವತ್ತೂ ಕೇಳಿದ, 'ಅಬ್ಲಾ, ಇದ್ರಲ್ಲಿ ಫೂಲ್ ಇದ್ಯಾ?' 'ಇಲ್ಲ ಕಂದಾ, ನಿಂಗೆ ನಾನು ಫೂಲ್ ಕೊಡ್ತೀನಾ?' ಅಂದೆ. ಎರಡು ತಿಂದ. ಚೆನ್ನಾಗಿದೆ ಅಂದ."

ಮೇಷ್ಟ್ರೇ, ಈ ಊರಿನಲ್ಲಿ ಫೂಲ್ ಎಂದರೆ ಬೆಳಗಿನ ತಿಂಡಿಗೆ ಬೇಯಿಸುವ ಆ ದಪ್ಪ ಅವರೆಯಂಥ ಕಾಳು. ನಾವು ಎಲ್ ಒಬೈದಿನಲ್ಲಿ ಈಜಿಪ್ಟಿನ ಫೂಲ್ ಎನ್ನುವುದು. ಕಡಲೇಕಾಯಿಗೆ ಇವರು ಫೂಲ್ ಎನ್ನುವುದೇ ಇಲ್ಲ. ಸೂದಾನೀ, ಅಂದರೆ ಸುಡಾನಿನದು, ಎನ್ನುತ್ತಾರೆ, ಅಷ್ಟೇ. ಬಿಸ್ಕತ್ತಿನಲ್ಲಿ ಇದ್ದದ್ದು ಪುಡಿ ಮಾಡಿದ ಸೂದಾನೀ. ಅವನು ನಮ್ಮ ಮಾತಿನಲ್ಲಿ ಕೇಳಿದ, ಅವಳು ತನ್ನ ಮಾತಿನಲ್ಲಿ ನಿಜ ಹೇಳಿದಳು.

ಇಷ್ಟೇ ಆಗಿದ್ದರೆ ನಾನು ಮೊದಲೇ ಬರೆಯುತ್ತಿದ್ದೆ. ಕಾರ್ಡಿನಲ್ಲಿ ಇನ್ನೊಂದು ಪದವಿದೆ. ನೀವು ಮೊದಲು "ಫೂಲ್ ಸೂದಾನೀ" ಎಂದೇ ಬರೆದಿದ್ದಿರಿ. ಆಮೇಲೆ ಎರಡನೆಯ ಪದವನ್ನು ಹೊಡೆದುಹಾಕಿದ್ದೀರಿ. ವಿದಾದ್ ಅಬ್ಲಾ ಅದನ್ನೂ ಹೇಳಿದಳು. "ಸೂದಾನೀ ಅನ್ನೋದರ ಮೇಲೆ ಕೆಂಪು ಗೆರೆ ಇತ್ತು. ಸ್ಕೇಲ್ ಇಟ್ಟು ಎಳೆದದ್ದು. ಯಾರೋ ತಿಳಿದವರು ವಿಚಾರಿಸಿ ತೆಗೆದಿದ್ದಾರೆ, ಸೂದಾನೀ ತಿನ್ನಬಹುದು, ಫೂಲ್ ಮಾತ್ರ ಕೂಡದು ಅಂತ ತಿಳ್ಕೊಂಡೆ. ನಾನೂ ಹಂಗೇ ತಿದ್ದೋದು ಅಲ್ವಾ ಡಾಕ್ಟ್ರೇ, ತಪ್ಪಿದ್ದಕ್ಕೆ ಗೆರೆ ಎಳೀತೀವಿ."

ಆಸ್ಪತ್ರೆಗೆ ಅವಳೇ ಅವನನ್ನು ಎತ್ತಿಕೊಂಡು ಓಡಿದಳು. ಕಾರ್ಡನ್ನೂ ಒಯ್ದು ಡಾಕ್ಟರಿಗೆ ತೋರಿಸಿದಳು. ಅವರೂ ಅವಳ ಹಾಗೆಯೇ ಓದಿದರು, ರಕ್ತ ಒಡೆಯುವ ಕಾಯಿಲೆಗೆ ಪರೀಕ್ಷೆ ಬರೆದರು. ಬೇಕಿದ್ದ ಇಂಜೆಕ್ಷನ್ನು ಅದೇ ಕೋಣೆಯ ಬೀರುವಿನಲ್ಲಿತ್ತು.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ ರಕ್ತ ತೆಗೆದ ದಿನ ಶಾಜಲಿ ಆ ಕಾರ್ಡನ್ನು ಟೀಚರಿಂದ ಕೇಳಿ ತಂದು ನನಗೆ ಹೆಮ್ಮೆಯಿಂದ ತೋರಿಸಿದ. ನಾನು ಓದಿದೆ. ಹದಿಮೂರು ವರ್ಷದಿಂದ ಈ ಊರಿನಲ್ಲಿದ್ದೇನೆ, ದಿನವೂ ಫೂಲ್ ತಿಂದು ಕೆಲಸಕ್ಕೆ ಹೋಗುತ್ತೇನೆ. ಆದರೆ ನಿಮ್ಮ ಅಕ್ಷರ ಕಂಡ ಕೂಡಲೇ ನಾನು ನಮ್ಮೂರವಳಾಗಿ ಓದಿದೆ. ಸರಿಯಾಗಿದೆ ಎಂದು ಅವನ ಜೇಬಿಗೆ ವಾಪಸ್ಸು ಇಟ್ಟೆ. ಕೆಂಪು ಗೆರೆ ಕಂಡು ನಕ್ಕಿದ್ದೆ ಕೂಡ, ಮೇಷ್ಟ್ರು ತಮ್ಮನ್ನೂ ತಿದ್ದಿಕೊಳ್ಳುತ್ತಾರೆ ಎಂದು.

ಬತೂಲ್


ಎಲ್ ಒಬೈದ್
30 ಜುಲೈ 1995

ಬತೂಲ್, ಮಗಳೇ,

ನಿನ್ನ ಪತ್ರ ಜೂನ್ ಹತ್ತಕ್ಕೆ ತಲುಪಿತು. ದೂರನ್ನು ಕಳಿಸಿರಲಿಲ್ಲ. ಮೊದಲು ಅದನ್ನು ತಿಳಿ.

ಆ ಪದವನ್ನು ನಾನೇ ಹೊಡೆದೆ. ಇಖ್ಲಾಸ್ ಫೋನಿನಲ್ಲಿ ಪದ ಪದ ಹೇಳಿ ಬರೆಸಿದ್ದಳು. "ಅಪ್ಪಾ, ಫೂಲ್ ಸೂದಾನೀ ಅಂತಲೇ ಬರೀರಿ. ಇಲ್ಲಿ ಬರೀ ಫೂಲ್ ಅಂದ್ರೆ ಬೇರೆ." ಬರೆದೆ. ಫೋನ್ ಇಟ್ಟು ಮನೆಗೆ ಬಂದು ಮತ್ತೆ ಓದಿದೆ. ಓದಿದ ಹಾಗೆಲ್ಲ ಕೋಪ ಬಂತು. ನಮ್ಮ ಮನೆಯ ಕಾಳನ್ನು ನಾನು ಅವರ ಬಾಯಿಂದ ಏಕೆ ಕರೆಯಬೇಕು? ವಿಶೇಷಣ ಬೇಕಾಗಿರುವುದು ಅವರ ಕಾಳಿಗೆ. ಹುಡುಗ ಪಕ್ಕದಲ್ಲಿ ಚೀಲ ಕಟ್ಟುತ್ತಿದ್ದ. "ಯಾಕೆ ಹೊಡೆದ್ರಿ ಅಜ್ಜ?" ಎಂದು ಕೇಳಿದ. "ಅದು ತಪ್ಪು. ನಮ್ಮ ಕಾಳಿಗೆ ನಮ್ಮ ಹೆಸರು ಅಂಟಿಸೋದು ಹೊರಗಿನೋರು. ನಾವು ಫೂಲ್ ಅಂದ್ರೆ ಸಾಕು, ಅವರು ಅರ್ಥ ಮಾಡ್ಕೊಳ್ಳಲಿ." ಅವನಿಗೆ ಹೌದೆನ್ನಿಸಿತು. ನಾನು ಹೇಳಿದ್ದೆಲ್ಲ ಅವನಿಗೆ ಹೌದೆನ್ನಿಸುತ್ತಿತ್ತು.

ಆಮೇಲೆ ಅದನ್ನು ಮರೆತೆ. ನಾನು ಏನನ್ನೂ ಮರೆಯದವನು ಎಂದು ಊರೆಲ್ಲ ಹೇಳುತ್ತದೆ. ಐವತ್ತೊಂದರಲ್ಲಿ ಯಾರು ನಕ್ಕರು ಎಂಬುದು ನೆನಪಿದೆ. ಕಳೆದ ಸೆಪ್ಟೆಂಬರಿನಲ್ಲಿ ನನ್ನ ಕೈ ಎಳೆದ ಗೆರೆ ನೆನಪಿರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಕೆಂಪು ಮಸಿಯ ಬಣ್ಣದ ಸಮೇತ ನೆನಪಾಯಿತು.

ವಿದಾದ್ ಅವರ ಬಳಿ ಹೋಗು. ನಾನು ಅವರ ಬಗ್ಗೆ ಬರೆದದ್ದನ್ನು ಹೇಳಬೇಡ, ಅಷ್ಟು ಉಪಕಾರ ಮಾಡು. ಅವರು ಕಾರ್ಡನ್ನು ಸರಿಯಾಗಿಯೇ ಓದಿದರು ಎಂದು ಅದನ್ನು ಬರೆದವನೇ ಹೇಳಿದ್ದಾನೆ ಎಂದು ತಿಳಿಸು. ಮೇಜಿನ ಬಳಿ ಅವನನ್ನು ಕೂರಿಸಿಕೊಂಡದ್ದಕ್ಕೆ ನಾನು ಋಣಿ. ಅವರು ಮತ್ತೆ ಶಾಲೆಗೆ ಹೋಗಬೇಕು.

ಇನ್ನು ರಕ್ತದ ವಿಷಯ. ಪ್ರಯೋಗ ಮಾಡು. ಇದನ್ನು ಪ್ರಾಯಶ್ಚಿತ್ತ ಎಂದುಕೊಳ್ಳಬೇಡ, ನನ್ನ ಕೈಯಿಂದ ಅದು ಆಗುವಂಥದ್ದಲ್ಲ. ಎರಡು ಊರುಗಳು ಒಂದು ಪದವನ್ನು ಎರಡು ರೀತಿ ಓದಿದವು, ಒಂದು ಮಗು ಅದರ ನಡುವೆ ಬಿತ್ತು. ಆ ರಕ್ತಕ್ಕೆ ಮಾತ್ರ ಪದ ಬೇಕಿಲ್ಲ, ಕಾಳನ್ನೇ ಬಲ್ಲದು ಎಂದು ನೀನು ಬರೆದಿದ್ದೆ. ಅದು ಹೇಳುವುದನ್ನು ಕೇಳಿಸಿಕೋ. ಹನಿಯೂ ಉಳಿಸಬೇಡ.

ಇಖ್ಲಾಸಳಿಗೆ ಹನ್ನೊಂದು ಪತ್ರ ಶುರು ಮಾಡಿದೆ, ಒಂದೂ ಎರಡನೆಯ ಸಾಲಿಗೆ ಹೋಗಲಿಲ್ಲ. ಅವಳು ಆರು ತಿಂಗಳು ಆ ಕಾರ್ಡನ್ನು ಇಟ್ಟುಕೊಂಡು ನನ್ನನ್ನು ಕಾಪಾಡಿದಳು. ನಾನು ಅವಳು ಫೋನು ತೆಗೆಯುವುದಿಲ್ಲ ಎಂದು ದೂರಿದೆ. ನಾನೇ ಬರುತ್ತಿದ್ದೆ. ಎರಡು ಸರ್ಕಾರಗಳು ಜಗಳವಾಡಿಕೊಂಡು ಈಗ ವೀಸಾ ಇಲ್ಲದೆ ಯಾರನ್ನೂ ಬಿಡುತ್ತಿಲ್ಲ. ಅರ್ಜಿ ಹಾಕಿದ್ದೇನೆ, ಉತ್ತರವಿಲ್ಲ.

ನಿನ್ನ ಮೇಷ್ಟ್ರು,
ಬುಶ್ರಾ


ಕೈರೊ
3 ಅಕ್ಟೋಬರ್ 1995

ಮೇಷ್ಟ್ರೇ,

ಕಳೆದ ಮಂಗಳವಾರ ಮಾಡಿದೆ. ಬೆಳಗ್ಗೆ ಕೊಳವೆಯನ್ನು ಅಂಗೈಯಲ್ಲಿಟ್ಟುಕೊಂಡು ಕರಗಿಸಿದೆ. ಯಂತ್ರದಲ್ಲಿ ಕರಗಿಸಬಹುದಿತ್ತು.

ಹುರಿದ ಕಾಳು, ಬೇಯಿಸಿದ ಕಾಳು, ಹೊಟ್ಟೆಯ ರಸದಲ್ಲಿ ನೆನೆಸಿದ ಕಾಳು, ಮೂರನ್ನೂ ಹರಿಸಿದ್ದೆ. ಮೇಲಿನ ದೊಡ್ಡ ಪ್ರೋಟೀನುಗಳು ರಸದಲ್ಲಿ ಚೂರಾಗಿದ್ದವು. ಕೆಳಗೆ, ತುದಿಯ ಹತ್ತಿರ, ಒಂದು ಸಣ್ಣದು ಮೂರರಲ್ಲೂ ಹಾಗೆಯೇ ಉಳಿದಿತ್ತು. ಶಾಜಲಿಯ ರಕ್ತ ಮೂರರಲ್ಲೂ ನೇರ ಅಲ್ಲಿಗೇ ಹೋಯಿತು. ಬಣ್ಣ ಹಾಕಿ ಎರಡು ನಿಮಿಷವಾಗುವುದರೊಳಗೆ ಗೆರೆ ಕಾಣಿಸಿತು. ಅಳತೆ ನೋಡಿದರೆ ಅಮೆರಿಕದವರು ಗುರುತಿಸಿದ ಎರಡರಲ್ಲಿ ಚಿಕ್ಕದೇ ಇದು. ಅಲ್ಲಿನ ಮಕ್ಕಳ ರಕ್ತವೂ ನಮ್ಮ ಹುಡುಗನ ರಕ್ತವೂ ಒಂದನ್ನೇ ಹಿಡಿದಿವೆ. ಇನ್ನು ಮಗುವಿಗೆ ಕಾಳು ತಿನ್ನಿಸಿ ನೋಡಬೇಕಾಗಿಲ್ಲ, ಒಂದು ಹನಿ ರಕ್ತ ಸಾಕು ಎಂದು ಹೇಳಲು ವರ್ಷಗಳು ಬೇಕು. ದಾರಿ ಇದು ಎಂದಷ್ಟೇ ಈಗ ಹೇಳಬಲ್ಲೆ.

ಮಾಡಿ ಮುಗಿಸಿದ ಮೇಲೆ ಮೇಜನ್ನು ಒರೆಸಿದೆ. ಕೊಳವೆ ಖಾಲಿಯಾಗಿತ್ತು. ಅದರ ಮೇಲಿನ ಏಳು ಎಂಬ ಅಂಕಿಯನ್ನು ನೋಡುತ್ತ ಕೂತಿದ್ದೆ. ಸಹಾಯಕಿ ಬಂದು ಕೇಳಿದಳು, "ಮೇಡಂ, ರಿಸಲ್ಟ್ ಚೆನ್ನಾಗಿ ಬಂದಿದೆ, ಯಾಕೆ ಅಳ್ತಿದ್ದೀರಿ?" ಚೆನ್ನಾಗಿ ಬಂದದ್ದಕ್ಕೇ ಎಂದೆ.

ಆ ಬಿಳಿ ಹಾಳೆಯಿಂದ ಕತ್ತರಿಸಿದ ಮೂರು ಪಟ್ಟಿಗಳಲ್ಲಿ ಒಂದನ್ನು ನಿಮಗೆ ಕಳಿಸುತ್ತಿದ್ದೇನೆ. ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲ. ಆ ಕಂದು ಗೆರೆಯಲ್ಲಿ ಅವನ ರಕ್ತದ ಅಣುಗಳು ಇವೆ, ಕಾಳನ್ನು ಹಿಡಿದುಕೊಂಡು. ಬಿಡಿಸಲು ಬರುವುದಿಲ್ಲ ಮೇಷ್ಟ್ರೇ, ಕೇಳಬೇಡಿ. ಅವನದು ಎಂದು ಹೇಳಬಹುದಾದದ್ದು ಇಷ್ಟೇ ಉಳಿದಿರುವುದು. ನೀವು ಜನವರಿಯಲ್ಲಿ ಕೇಳಿದ್ದಿರಿ. ಊರಿಗೆ ಮರಳುತ್ತಿರುವ ಒಬ್ಬ ನರ್ಸ್ ತರುತ್ತಿದ್ದಾಳೆ.

ವಿದಾದ್ ಅಬ್ಲಾಗೆ ಹೇಳಿದೆ. ಅವಳು ಚಹಾ ಮಾಡಿಕೊಟ್ಟಳು. ಶಾಲೆಗೆ ಇನ್ನೂ ಹೋಗಿಲ್ಲ.

ಬತೂಲ್


ಎಲ್ ಒಬೈದ್
29 ಅಕ್ಟೋಬರ್ 1995

ಇಖ್ಲಾಸ್,

ಇದು ಹನ್ನೆರಡನೆಯ ಪತ್ರ. ಎರಡನೆಯ ಸಾಲಿಗೆ ಬಂದಿದ್ದೇನೆ.

ಬತೂಲ್ ಕಳಿಸಿದ ಪಟ್ಟಿ ತಲುಪಿ ಐದು ದಿನವಾಯಿತು. ಮೊದಲ ದಿನವೇ ಗೋರಿ ತೋಡುವ ಇದ್ರೀಸನನ್ನು ಕರೆದುಕೊಂಡು ಹೋಗಿ ನಿನ್ನ ಅಮ್ಮನ ಪಕ್ಕದಲ್ಲಿ ಒಂದು ಮೊಳ ಅಗೆಸಿದೆ. ಅವನು ಗುದ್ದಲಿ ಊರಿ ನಿಂತು ಕೇಳಿದ, "ಇಷ್ಟೇ ಸಾಕಾ ಮೇಷ್ಟ್ರೇ? ಮನೆಯೋರಿಗೆಲ್ಲ ಹೇಳಿದ್ದೀರಾ? ಹುಡುಗನ ತಾಯಿ ಏನಂದ್ರು?"

ನಾನು ನಿನ್ನನ್ನು ಕೇಳಿರಲಿಲ್ಲ. ಹತ್ತು ತಿಂಗಳಿಂದ ಬತೂಲಳ ಜೊತೆ ಆ ರಕ್ತಕ್ಕಾಗಿ ಜಗಳವಾಡಿದೆ, ನನ್ನದು ಎಂದೆ, ಕೊಡುವುದಿಲ್ಲ ಎಂದೆ, ಆಮೇಲೆ ಕೊಟ್ಟೆ ಎಂದೆ. ಒಂದು ಸಲವೂ ನಿನಗೇನು ಬೇಕು ಎಂದು ಕೇಳಲಿಲ್ಲ. ನೀನು ಅಪ್ಪನನ್ನು ಕೇಳು ಎಂದೆ, ನಾನು ಅದನ್ನೂ ನನ್ನ ಹಕ್ಕು ಎಂದುಕೊಂಡೆ. ನೀನು ಒಂದು ಪದ ಬರೆಯಲು ಹೇಳಿದ್ದೆ, ಅದಕ್ಕೂ ಹಾಗೆಯೇ ಮಾಡಿದೆ.

ಗುಂಡಿಯನ್ನು ಮುಚ್ಚಿಸಿದೆ. ಇದ್ರೀಸ್ ಮಣ್ಣು ಸಮ ಮಾಡಿ ಕೈ ಕೊಡವಿಕೊಂಡ.

ಪಟ್ಟಿಯನ್ನು ಈ ಪತ್ರದ ಜೊತೆ ನಿನಗೆ ಕಳಿಸುತ್ತಿದ್ದೇನೆ. ಅವನ ಗೋರಿಗೆ ಸೇರಿಸುತ್ತೀಯೋ, ನಿನ್ನ ಬಳಿ ಇಟ್ಟುಕೊಳ್ಳುತ್ತೀಯೋ, ಅದು ನಿನಗೆ ಬಿಟ್ಟದ್ದು. ಏನು ಮಾಡಿದೆ ಎಂದು ನನಗೆ ತಿಳಿಸಲೇಬೇಕೆಂದೇನೂ ಇಲ್ಲ.

ಒಂದು ಸಣ್ಣ ಬಿಳಿ ಲಕೋಟೆಯಲ್ಲಿ ಹಾಕಿದ್ದೇನೆ. ದಾರಿಯಲ್ಲಿ ಯಾರಾದರೂ ಎಸೆದುಬಿಟ್ಟಾರು ಎಂದು ಮೇಲೆ ಅವನ ಹೆಸರು ಬರೆಯಲು ಪೆನ್ನು ಕೈಗೆತ್ತಿಕೊಂಡೆ. ಬರೆಯಲಿಲ್ಲ. ಅದನ್ನು ನೀನೇ ಬರೆ.

ನಿನ್ನ ಅಪ್ಪ